ಆರೋಗ್ಯ ಪ್ರಶ್ನೋತ್ತರ: ಒಳರೋಗಿಯ ಅಪೌಷ್ಟಿಕತೆ ಪತ್ತೆ ಹೇಗೆ?

ಪ್ರಶ್ನೆ: ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಅಪೌಷ್ಟಿಕತೆ ಪತ್ತೆಗೆ ಎಂಎಸ್‌ಟಿ, ಮಸ್ಟ್, ಎನ್‌ಆರ್‌ಎಸ್, ಎಸ್‌ಜಿಎ ಅಂತ ನಾಲ್ಕು ಫಾರಂ ಇವೆ. ಯಾವುದು ಬಳಸಬೇಕು? ಎದ್ದು ನಿಲ್ಲಲಾಗದವರನ್ನು ಅಳೆಯುವುದು ಹೇಗೆ?
– ಓದುಗರು, ಸಾಗರ

ಉತ್ತರ: ಅಡ್ಮಿಷನ್ ಹೊತ್ತಿಗೆ ಎಂಎಸ್‌ಟಿ ಸಾಕು. ತೂಕದ ಯಂತ್ರವೂ ಬೇಡ, ಎರಡೇ ಪ್ರಶ್ನೆ. ಪ್ರಯತ್ನಪಡದೆ ತೂಕ ಇಳಿದಿದೆಯೇ? 1–5 ಕೆಜಿಗೆ 1 ಅಂಕ, 6–10 ಕೆಜಿಗೆ 2, ಅದಕ್ಕೂ ಮೇಲೆ 3 ಅಥವಾ 4. ಹಸಿವಿಲ್ಲದೆ ಊಟ ಕಡಿಮೆಯಾಗಿದೆಯೇ? ಹೌದಾದರೆ 1. ಒಟ್ಟು 2 ಬಂದರೆ ಡಯಟಿಷಿಯನ್‌ಗೆ ತಿಳಿಸಿ. ತೂಕದ ಬಗ್ಗೆ ‘ಗೊತ್ತಿಲ್ಲ’ ಅಂದವರಿಗೂ 2 ಅಂಕವೇ. ಇದರಿಂದ ಪಟ್ಟಿ ಉದ್ದವಾದೀತು. ಆಗಲಿ, ಒಬ್ಬರು ಕೈತಪ್ಪಿ ಹೋಗುವುದಕ್ಕಿಂತ ಲೇಸು.

ತೂಕ, ಎತ್ತರ ಸಿಗುವಲ್ಲಿ ಮಸ್ಟ್ ಒಳ್ಳೆಯದು. 158 ಸೆಂ.ಮೀ. ಎತ್ತರದ ಮಹಿಳೆ ನಾಲ್ಕು ತಿಂಗಳ ಹಿಂದೆ 58 ಕೆಜಿ, ಈಗ 52 ಅಂದುಕೊಳ್ಳಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಸಂಖ್ಯೆ) 20.8, ಅಂಕ ಸೊನ್ನೆ. ಆದರೆ ಇಳಿದದ್ದು ಶೇ. 10ಕ್ಕಿಂತ ಹೆಚ್ಚು, ಅದಕ್ಕೆ 2 ಅಂಕ. ಅಂದರೆ ಹೆಚ್ಚಿನ ಅಪಾಯ. ಬಿಎಂಐ ಮಾತ್ರ ಬರೆದು ಕೇಸ್ ಶೀಟ್ ಮುಚ್ಚಿದರೆ ಇಂಥವರು ತಪ್ಪಿಹೋಗುತ್ತಾರೆ.

ಎನ್‌ಆರ್‌ಎಸ್ ಕಾಯಿಲೆಯ ತೀವ್ರತೆಗೂ ಅಂಕ ಕೊಡುತ್ತದೆ, 70 ವರ್ಷ ತುಂಬಿದವರಿಗೆ 1 ಸೇರಿಸುತ್ತದೆ. 3 ಬಂದರೆ ಆಹಾರ ಯೋಜನೆ ಶುರುವಾಗಬೇಕು. ದೊಡ್ಡ ಆಪರೇಷನ್ ಆಗುವವರಿಗೆ ನನ್ನ ಆಯ್ಕೆ ಇದೇ. ಇದರಲ್ಲಿ ಎಡವುವುದು ಕಳೆದ ವಾರದ ಊಟ ಕೇಳುವಾಗ. ‘ಊಟ ಮಾಡ್ತಿದಾರಾ?’ ಅಂದರೆ ಮನೆಯವರು ‘ಹ್ಞೂಂ, ಗಂಜಿ ಕುಡೀತಾರೆ’ ಅನ್ನುತ್ತಾರೆ. ಲೋಟ ತಿಳಿಗಂಜಿ, ಉಪ್ಪಿನಕಾಯಿ ಊಟವಾಗದು. ‘ಮೊದಲು ಎಷ್ಟು ಸೌಟು ಅನ್ನ ಉಣ್ತಿದ್ರು, ಈಗೆಷ್ಟು?’ ಅಂತ ಕೇಳಿ. ನಾಲ್ಕು ಸೌಟು ಉಣ್ಣುತ್ತಿದ್ದವರು ಒಂದಕ್ಕೂ ಕಡಿಮೆ ಉಣ್ಣುತ್ತಿದ್ದರೆ, ಅದೊಂದಕ್ಕೇ 3 ಅಂಕ.

ಎಸ್‌ಜಿಎ ಮೊದಲ ಜರಡಿಯಲ್ಲ. ಕಣತಲೆಯ ಗುಳಿ, ತೋಳಿನ ಹಿಂಬದಿಯ ಕೊಬ್ಬು, ಪಾದದ ಬಾವು ನೋಡಿ ಎ (ಪೋಷಣೆ ಸರಿಯಿದೆ), ಬಿ (ಮಧ್ಯಮ ಅಪೌಷ್ಟಿಕತೆ), ಸಿ (ತೀವ್ರ ಅಪೌಷ್ಟಿಕತೆ) ಎಂದು ನಿರ್ಧರಿಸುವ ಪೂರ್ಣ ಪರೀಕ್ಷೆ, ಕೈ ಪಳಗಿರಬೇಕು.

ಮಲಗಿರುವವರಿಗೆ ಟೇಪು ಹಿಡಿಯಿರಿ. ಎಡ ಮೊಣಕೈ ಮಡಿಸಿ, ಭುಜದ ಎಲುಬಿನ ತುದಿಯಿಂದ ಮೊಣಕೈ ತುದಿಯವರೆಗೆ ಅಳೆದು ನಡುವೆ ಗುರುತು ಹಾಕಿ. ಆಮೇಲೆ ಕೈ ಸಡಿಲ ಬಿಡಿಸಿ ಗುರುತಿನ ಮೇಲೆ ಸುತ್ತಳತೆ ತೆಗೆಯಿರಿ; ಟೇಪು ಚರ್ಮಕ್ಕೆ ಒತ್ತಬಾರದು. 23.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಬಿಎಂಐ 20ರ ಕೆಳಗಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಅಪ್ಪನಿಗೆ ಲಿವರ್ ಸಿರೋಸಿಸ್, ಹೊಟ್ಟೆಯಲ್ಲಿ ನೀರಿದೆ, ಎರಡೂ ಕಾಲು ಊದಿವೆ. ತೂಕ 60 ಕೆಜಿ, ಸ್ವಲ್ಪವೂ ಇಳಿದಿಲ್ಲ. ಆದರೂ ಅಪೌಷ್ಟಿಕತೆ ಅಂದರು. ಹೇಗೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಆ 60 ಕೆಜಿಯಲ್ಲಿ ನೀರೂ ಸೇರಿದೆ. ಹೊಟ್ಟೆಯ ನೀರು ಮಧ್ಯಮ ಪ್ರಮಾಣದ್ದಾದರೆ ಶೇ. 10, ಎರಡೂ ಕಾಲಿನ ಬಾವಿಗೆ ಇನ್ನು ಶೇ. 5 ಕಳೆಯುವುದು ರೂಢಿ. ಉಳಿಯುವುದು ಸುಮಾರು 51 ಕೆಜಿ. ಸ್ನಾಯು ಕರಗಿದ ಜಾಗವನ್ನು ನೀರು ತುಂಬಿದೆ. ತೋಳು, ಕಣತಲೆ ನೋಡಿದರೆ ನಿಮಗೇ ಕಾಣುತ್ತದೆ. ಇಂಥವರಿಗೆ ಬೇಳೆ, ಮೊಟ್ಟೆ ನಿಲ್ಲಿಸಿಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕೆಜಿ ತೂಕಕ್ಕೆ ದಿನಕ್ಕೆ 1.2–1.5 ಗ್ರಾಂ ಪ್ರೋಟೀನ್ ಬೇಕು, ಅದೂ ನೀರು ಕಳೆದ ತೂಕಕ್ಕೆ; ನಿಮ್ಮಪ್ಪನಿಗೆ ಸುಮಾರು 60–75 ಗ್ರಾಂ. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಿಸಿ. ಉಪ್ಪು ಎಷ್ಟೆಂದು ವೈದ್ಯರನ್ನೇ ಕೇಳಿ.