4096 ವಿಳಾಸ ಇದ್ರೂ 17ನೇ ನೋಡ್ ಯಾಕೆ ಏಳ್ತಿಲ್ಲ?

ಪ್ರಶ್ನೆ: ಗೂಗಲ್ ಕ್ಲೌಡ್‌ನ ಕುಬರ್ನೆಟಿಸ್‌ನಲ್ಲಿ (ಆ್ಯಪ್‌ಗಳನ್ನ ಹಲವು ಯಂತ್ರಗಳ ಮೇಲೆ ಓಡಿಸೋ ವ್ಯವಸ್ಥೆ) ಪಾಡ್‌ಗಳಿಗೆ (ಆ್ಯಪ್ ಓಡೋ ಚಿಕ್ಕ ಘಟಕ) /20, ಅಂದ್ರೆ 4096 ಐಪಿ ವಿಳಾಸದ ರೇಂಜ್, ಕೊಟ್ಟಿದ್ದೀವಿ. ಓಡ್ತಿರೋದು ಮುನ್ನೂರು ಪಾಡ್ ಅಷ್ಟೇ. ಆದ್ರೂ 16 ನೋಡ್‌ಗೆ (ಪಾಡ್‌ಗಳನ್ನ ಓಡಿಸೋ ಯಂತ್ರ) ನಿಂತುಬಿಟ್ಟಿದೆ.

ಉತ್ತರ: ಪಾಡ್ ಲೆಕ್ಕ ಬಿಡಿ, ನೋಡ್ ಲೆಕ್ಕ ಹಾಕಿ. ನಮ್ಮ ಮೈಸೂರಲ್ಲಿ ಬಡಾವಣೆ ಮಾಡ್ದಾಗ ಸೈಟುಗಳನ್ನ ಬ್ಲಾಕ್ ಬ್ಲಾಕಾಗಿ ಹಂಚಿದ ಹಾಗೆ, ಪ್ರತಿ ನೋಡ್‌ಗೂ ಒಂದಿಡೀ ತುಂಡು ಮೊದಲೇ ಮೀಸಲು. ಸ್ಟ್ಯಾಂಡರ್ಡ್ ಬಗೆಯ ಕ್ಲಸ್ಟರ್‌ನಲ್ಲಿ (ಎಲ್ಲ ನೋಡ್ ಸೇರಿದ ವ್ಯವಸ್ಥೆ) ನೀವೇನೂ ಹೇಳದಿದ್ರೆ ನೋಡ್‌ಗೆ ಗರಿಷ್ಠ 110 ಪಾಡ್. ಅದರ ಎರಡರಷ್ಟಾದ್ರೂ ವಿಳಾಸ ಇರಲಿ ಅಂತ /24, ಅಂದ್ರೆ 256 ವಿಳಾಸ, ಎತ್ತಿಡುತ್ತೆ. 4096ನ್ನ 256ರಿಂದ ಭಾಗಿಸಿ: 16. ಮನೆ ಕಟ್ಟದ ಖಾಲಿ ಸೈಟೂ ಲೆಕ್ಕಕ್ಕೆ ಬಂತು.

ನೋಡ್‌ಗೆ 32 ಪಾಡ್ ಸಾಕು ಅಂದ್ರೆ ತುಂಡು /26, ಅಂದ್ರೆ 64 ವಿಳಾಸ, ಆಗುತ್ತೆ; ಅದೇ /20ರಲ್ಲಿ 64 ನೋಡ್ ಹಿಡಿಯುತ್ತೆ. ಆದ್ರೆ ಇರೋ ನೋಡ್ ಪೂಲ್‌ನಲ್ಲಿ (ಒಂದೇ ಸೆಟ್ಟಿಂಗ್‌ನ ನೋಡ್‌ಗಳ ಗುಂಪು) ಇದನ್ನ ಬದಲಿಸೋಕಾಗಲ್ಲ; ಹೊಸ ಪೂಲ್ ಮಾಡಿ ಕೆಲಸಗಳನ್ನ ಅಲ್ಲಿಗೆ ಸಾಗಿಸ್ಬೇಕು. ಹೊಸದಕ್ಕೂ ವಿಳಾಸ ಬೇಕಲ್ಲ, ಹಾಗಾಗಿ ಮೊದಲು ಹಳೇ ನೋಡ್ ಒಂದೆರಡು ಇಳಿಸಿ. ಇಲ್ಲವೇ ಹೊಸ ಪೂಲ್‌ಗೆ ಇನ್ನೊಂದು ಪಾಡ್ ರೇಂಜ್ ಸೇರಿಸಿ. ನಾನಾದ್ರೆ ಎರಡನೇದೇ ಮಾಡ್ತೀನಿ.

ಅಪ್‌ಗ್ರೇಡ್ ಹೊತ್ತಲ್ಲಿ ತಾತ್ಕಾಲಿಕ ನೋಡ್ ಏಳೋದಕ್ಕೂ ಜಾಗ ಉಳಿಸಿ. ಹೆಬ್ಬಾಳದ ಆಫೀಸಿಂದ ವಿಪಿಎನ್ (ಖಾಸಗಿ ನೆಟ್‌ವರ್ಕ್ ಸಂಪರ್ಕ) ಇದ್ರೆ, ಅಲ್ಲಿನ ವಿಳಾಸಗಳ ರೇಂಜ್ ಈ ಪಾಡ್ ರೇಂಜ್ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ.