ನಾಲೆ ಏರಿಯ ಮೇಲೆ ಕಂಡದ್ದು ಹೆಬ್ಬಾವಿನ ಮರಿಯೇ?

ನಮಸ್ಕಾರ. ಪಾಂಡವಪುರದ ಕಡೆಗೆ ಬೈಕಿನಲ್ಲಿ ಹೋಗುವಾಗ ಮುಸ್ಸಂಜೆಯಲ್ಲಿ ನಾಲೆ ಏರಿಯ ಮೇಲೆ ಅಲ್ಲಾಡದೆ ಮಲಗಿದ್ದ ದಪ್ಪ ಹಾವನ್ನು ಹೆಬ್ಬಾವಿನ ಮರಿಯೆಂದು ಭಾವಿಸಿ ಕೋಲಿನಿಂದ ಸರಿಸಲು ಹೋದಿರೆಂದೂ, ಅದು ಕುಕ್ಕರಿನಂತೆ ಬುಸುಗುಟ್ಟಿದಾಗ ಹಿಂದೆ ಸರಿದಿರೆಂದೂ ಬರೆದು, ಅದು ಯಾವ ಹಾವೆಂದು ಕೇಳಿದ್ದೀರಿ.

ಬೆನ್ನಿನ ಮೇಲೆ ಮಚ್ಚೆಗಳು ಸರಪಳಿಯಂತೆ ಸಾಲಾಗಿದ್ದವು ಎಂಬ ನಿಮ್ಮ ಮಾತು ಸರಿಯಿದ್ದರೆ, ಅದು ಬಹುತೇಕ ಕೊಳಕುಮಂಡಲ ಎಂಬ ವಿಷದ ಹಾವು. ನೀವು ಹಿಂದೆ ಸರಿದದ್ದು ನನಗೆ ನಿಜಕ್ಕೂ ಸಮಾಧಾನ ತಂದಿತು. ಹೆಬ್ಬಾವಿನ ಮಚ್ಚೆಗಳು ಆಕಾರವಿಲ್ಲದೆ ಹರಡಿಕೊಂಡಿರುತ್ತವೆ ಮತ್ತು ಅದರ ಚರ್ಮ ನುಣುಪಾಗಿ ಹೊಳೆಯುತ್ತದೆ. ಕೊಳಕುಮಂಡಲದ ಮೈ ಒರಟು, ಕಪ್ಪು ಅಂಚಿನ ಮೊಟ್ಟೆಯಾಕಾರದ ಮಚ್ಚೆಗಳು ಮೂರು ಸಾಲಿನಲ್ಲಿರುತ್ತವೆ, ತಲೆ ತ್ರಿಕೋನಾಕಾರವಾಗಿದ್ದು ಕುತ್ತಿಗೆಯಿಂದ ಬೇರೆಯಾಗಿ ಕಾಣುತ್ತದೆ. ನಮ್ಮ ಗದ್ದೆಯಲ್ಲಿ ಕಬ್ಬಿನ ತರಗಿನ ನಡುವೆ ಒಮ್ಮೆ ಅದನ್ನು ಎರಡು ಮಾರು ದೂರದಿಂದ ಕಂಡಿದ್ದೆ. ಬುಸುಗುಟ್ಟುವವರೆಗೂ ಒಣಗಿದ ಎಲೆಯೆಂದೇ ತಿಳಿದಿದ್ದೆ.

ಕಬ್ಬು, ಭತ್ತ ಇರುವಲ್ಲಿ ಇಲಿ, ಇಲಿಯಿರುವಲ್ಲಿ ಈ ಹಾವು. ಆದ್ದರಿಂದ ಮಂಡ್ಯದ ನಾಲೆ ಬಯಲಿನಲ್ಲಿ ಇದು ಅಪರೂಪವಲ್ಲ. ಮಂದವಾಗಿ ಮಲಗಿದ್ದರೂ ಕ್ಷಣದಲ್ಲಿ ಎಗರಿ ಕಚ್ಚಬಲ್ಲದು. ಮುಂದೆ ಕಂಡರೆ ಗಾಡಿ ನಿಲ್ಲಿಸಿ, ದೂರದಲ್ಲೇ ಇದ್ದು, ಅದಾಗಿಯೇ ಹೋಗಲು ಬಿಡಿ.

ಯಾರಿಗಾದರೂ ಕಚ್ಚಿದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇರಿಸಿ, ವಿಷನಿರೋಧಕ ಚುಚ್ಚುಮದ್ದು ಇರುವ ದೊಡ್ಡ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ. ಹಾವನ್ನು ಹಿಡಿದು ಒಯ್ಯುವ ಅಗತ್ಯವಿಲ್ಲ.