ಎಳೆ ಬಳ್ಳಿ ಅಂದ ಮಾತ್ರಕ್ಕೆ ತೆಳು ವೈನ್ ಅಲ್ಲ

ನಂದಿ ಬೆಟ್ಟದ ಕಡೆಯ ಒಂದೇ ತೋಟದ ಶಿರಾಜ್ (ಕೆಂಪು ವೈನ್), ಬಳ್ಳಿಗೆ ಬರೀ ನಾಲ್ಕು ವರ್ಷ, ಮೊದಲ ಗುಟುಕಿಗೆ ಹಣ್ಣಿನ ರುಚಿ ಜೋರಾಗಿದೆ ಆದರೆ ನುಂಗಿದ ಮೇಲೆ ಏನೂ ಉಳಿಯಲ್ಲ, ಇದು ಬಳ್ಳಿಯ ವಯಸ್ಸಿನಿಂದಲಾ ಅಂತ ಕೇಳಿದ್ದೀರಿ. ಸ್ವಲ್ಪ ಹೌದು. ಎಳೆ ಬಳ್ಳಿಯ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ, ಮಳೆ ಬಂದರೂ ಬಿಸಿಲು ಏರಿದರೂ ಅದಕ್ಕೆ ಬೇಗ ತಟ್ಟುತ್ತದೆ. ಒಂದೇ ತೋಟದ್ದು ಬೇರೆ, ಇನ್ನೊಂದು ತೋಟದ ಹಣ್ಣು ಬೆರೆಸಿ ಕೊರತೆ ಮುಚ್ಚುವ ಹಾಗೂ ಇಲ್ಲ.

ಆದರೆ ತಪ್ಪೆಲ್ಲ ಬಳ್ಳಿಯ ಮೇಲೆ ಹಾಕಬೇಡಿ. 1976ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ, ಫ್ರಾನ್ಸಿನ ತೀರ್ಪುಗಾರರೇ ಕೆಂಪು ವೈನ್‌ಗಳಲ್ಲಿ ಮೊದಲ ಸ್ಥಾನ ಕೊಟ್ಟಿದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಸೊವಿನ್ಯೋಂಗೆ. ಆ ತೋಟ ನೆಟ್ಟಿದ್ದು 1970ರಲ್ಲಿ, ಅಂದರೆ ಆ ಹಣ್ಣು ಕೊಯ್ದಾಗ ಬಳ್ಳಿಗೆ ಬರೀ ಮೂರು ವರ್ಷ! ಫ್ರಾನ್ಸಿನ ಬೋರ್ಡೋದ ಹೆಸರಾಂತ ವೈನ್ ಮೂತೋ ರೋತ್‌ಶಿಲ್ಡ್ ಕೂಡ ಅದರ ಹಿಂದೆ ಬಿತ್ತು. ಹೊಸ ಬಳ್ಳಿಯಲ್ಲಿ ಗೊಂಚಲು ಕಡಿಮೆ ಇರುವಾಗ ಹಣ್ಣಿನಲ್ಲಿ ರುಚಿ ಗಟ್ಟಿಯಾಗಿಯೇ ಕೂರಬಹುದು.

ಅಂದಹಾಗೆ, ಎಷ್ಟು ಬೆಚ್ಚಗೆ ಕುಡಿದಿರಿ? ಏಪ್ರಿಲ್‌ನ ಬೆಂಗಳೂರಲ್ಲಿ ಕಪಾಟಿನಿಂದ ತೆಗೆದು ಹಾಗೇ ಸುರಿದರೆ ಆಲ್ಕೋಹಾಲ್ ಮಾತ್ರ ಮೂಗಿಗೆ ಹೊಡೆಯುತ್ತದೆ, ಹಣ್ಣು ಮಂಕಾಗುತ್ತದೆ. ಗಂಟೆ, ಒಂದೂವರೆ ಗಂಟೆ ಫ್ರಿಜ್‌ನಲ್ಲಿಟ್ಟು, 16 ಡಿಗ್ರಿ ಆಸುಪಾಸಿನಲ್ಲಿ ಕುಡಿದು ನೋಡಿ. ಜೊತೆಗೆ ಕುರಿ ಚಾಪ್ಸ್ ಇದ್ದರೆ ಇನ್ನೂ ಒಳ್ಳೆಯದು, ಆ ತೆಳುತನ ಅಷ್ಟಾಗಿ ಗೊತ್ತಾಗಲ್ಲ. ಇನ್ನೊಂದು ಬಾಟಲಿ ಎತ್ತಿಡಲಾ ಅಂದಿರಲ್ಲ, ಬೇಡ. ಇಂಥದ್ದರ ಬಂಡವಾಳವೇ ತಾಜಾ ಹಣ್ಣಿನ ರುಚಿ, ಸುಮ್ನೆ ಈ ವರ್ಷವೇ ಮುಗಿಸಿ.